ಬಾವಿಕಟ್ಟೆಯ ಶಾಸನ

ನಮ್ಮ ಇತಿಹಾಸ ಸಂಘದಲ್ಲಿ ಕೊನೆಗೆ ಉಳಿದವರು ಮೂವರು. ನಿವೃತ್ತ ಮೇಷ್ಟರಾದ ನಾನು, ಹಿಂದೆ ಪೋಸ್ಟ್‌ಮಾಸ್ಟರಾಗಿದ್ದ ಗೆಳೆಯರು, ಕೋಟದಲ್ಲಿ ಮುಚ್ಚಿಹೋದ ಅಕ್ಕಿ ಮಿಲ್ಲಿನ ಯಜಮಾನರು. ಮಿಲ್ಲಿನ ಗೋದಾಮೇ ನಮ್ಮ ಕಚೇರಿ. ಗದ್ದೆಯಂಚಿನಲ್ಲಿ, ತೋಡಿನಲ್ಲಿ ಬಿದ್ದಿದ್ದ ವೀರಗಲ್ಲು, ಶಾಸನಗಳನ್ನು ತಂದು ಅಲ್ಲಿ ಗೋಡೆಗೆ ಒರಗಿಸಿಡುತ್ತಿದ್ದೆವು.

ಹಟ್ಟಿಯಂಗಡಿಯ ಹೊಳೆಬದಿಯ ಮನೆಯೊಂದರಲ್ಲಿ ಅಕ್ಷರ ಕೊರೆದ ಕಲ್ಲಿದೆ ಎಂದು ತಿಳಿದು ಹೋದೆವು. ಗಂಗೊಳ್ಳಿಯಿಂದ ಮೀನು ತಂದು ಮಾರುವ ಹೆಂಗಸೊಬ್ಬರು ಬಾವಿಕಟ್ಟೆಯ ಬಳಿ ಅದರ ಮೇಲೆ ಬಟ್ಟೆ ಒಗೆಯುತ್ತಿದ್ದರು. ಬರಹದ ಮುಖ ಮಣ್ಣಿನ ಕಡೆಗಿತ್ತು.

"ಇದ್ ಎಂತಕ್ಕೆ ನಿಮ್ಗೆ, ಮಾಷ್ಟ್ರೆ? ನಮ್ ಅತ್ತಿ ಕಾಲದಿಂದ ಇಲ್ಲೇ ಇತ್ತ್" ಎಂದರು.

"ಇಲ್ಲಿದ್ರೆ ಹಾಳಾತ್ತ್ ಅಕ್ಕ. ನಾವ್ ಜೋಪಾನ ಮಾಡ್ತ್" ಎಂದೆ.

ಅವರು ಒಪ್ಪಿದರು. ಕಲ್ಲು ಮಗುಚಿದಾಗ ಸಾಲುಸಾಲು ಅಕ್ಷರಗಳು ಸ್ವಲ್ಪವೂ ಸವೆಯದೆ ನಿಂತಿದ್ದವು. ಸೋಪಿನ ಕೈಯಲ್ಲೇ ಅವನ್ನು ಸವರಿ, "ಎಂತ ಬರ್ದಿತ್?" ಎಂದು ಕೇಳಿದರು. ಓದಿ ಬಂದು ಹೇಳುತ್ತೇನೆಂದು ಮಾತು ಕೊಟ್ಟೆ. ಕಲ್ಲನ್ನು ಗೋದಾಮಿಗೆ ತಂದೆವು.

ಓದಲು ನನಗೆ ಬಂದದ್ದು ಮೊದಲ ಮೂರು ಸಾಲು. ಯಾರೋ ಕೆರೆಯ ಖರ್ಚಿಗೆಂದು ಗದ್ದೆ ದಾನ ಬಿಟ್ಟಿದ್ದರು. ಉಳಿದದ್ದಕ್ಕೆ ಬಲ್ಲವರನ್ನು ಕರೆಸೋಣವೆಂದು ತಿಂಗಳು ತಿಂಗಳು ಮುಂದೂಡಿದೆವು. ಮೊಬೈಲಿನಲ್ಲಿ ತೆಗೆದ ಫೋಟೋದಲ್ಲಿ ಬರೀ ಬೆಳಕಿನ ಮಚ್ಚೆ.

ಅಷ್ಟರಲ್ಲಿ ಮಿಲ್ಲಿನ ಯಜಮಾನರು ಎದೆನೋವು ಬಂದು ತೀರಿಕೊಂಡರು. ಮನೆಯವರು ನಮಗೆ ಮುಂಚೆಯೇ ಹೇಳಿ ಜಾಗ ಮಾರಿದರು. ಕಲ್ಲುಗಳಿಗಾಗಿ ನಾವಿಬ್ಬರೂ ಶಾಲೆ, ಭಜನಾಮಂದಿರ, ಪರಿಚಯದವರ ಅಂಗಳ ಎಂದು ಅಲೆದೆವು. ಎಲ್ಲರೂ ಕುಳ್ಳಿರಿಸಿ ಚಾ ಕೊಟ್ಟರು. ಜಾಗ ಯಾರೂ ಕೊಡಲಿಲ್ಲ. ನನ್ನದೇ ಅಂಗಳವಿತ್ತಲ್ಲ ಎಂದು ಈಗ ಕೇಳಿಕೊಳ್ಳುತ್ತೇನೆ. ಅಂದು ಅದಕ್ಕೆ ಆಗಷ್ಟೇ ಇಂಟರ್‌ಲಾಕ್ ಇಟ್ಟಿಗೆ ಹಾಕಿಸಿದ್ದೆ.

ಒಂದು ಬೆಳಿಗ್ಗೆ ಬಸ್ಸಿನಲ್ಲಿ ಹೋಗುವಾಗ ಗೋದಾಮಿನ ಮಾಡು ಕಾಣಲಿಲ್ಲ. ಇಳಿದು ಓಡಿದೆ. ಜೆಸಿಬಿಯವನು ಪಾಪ, ಎಂಜಿನ್ ನಿಲ್ಲಿಸಿ ಮಾತಾಡಿದ.

"ಆ ಕಲ್ಲಾ? ಒಡ್ದ್ ಪಂಚಾಂಗಕ್ಕೆ ಹಾಕಿಯಾಯ್ತಲೆ. ಮೊದ್ಲೇ ಹೇಳೂಕಾಗ್ದಾ ಮಾರಾಯ್ರೆ?"

ಅವನು ಪಂಚಾಂಗವೆಂದ ಅಡಿಪಾಯದ ಗುಂಡಿಯಲ್ಲಿ ಆಗಲೇ ಕಾಂಕ್ರೀಟು ಬಿದ್ದಿತ್ತು.

ಹಟ್ಟಿಯಂಗಡಿಗೆ ಹೋಗಲು ನನಗೆ ಎರಡು ವಾರ ಬೇಕಾಯಿತು. ಆ ಹೆಂಗಸು ಸಿಮೆಂಟಿನ ಚಪ್ಪಡಿಯ ಮೇಲೆ ಒಗೆಯುತ್ತಿದ್ದರು. ನನ್ನನ್ನು ಕಂಡದ್ದೇ, "ಓದಿಯಾಯ್ತಾ ಮಾಷ್ಟ್ರೆ?" ಎಂದರು. ನಡೆದದ್ದನ್ನು ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ಹಗುರಾಗುತ್ತಿತ್ತು. ಅವರು ಬಟ್ಟೆ ಹಿಂಡುತ್ತಾ, "ಇಲ್ಲಿದ್ದಿದ್ರೆ ಇರ್ತಿತ್ತಲೆ" ಎಂದರು, ಅಷ್ಟೇ.

ಆಮೇಲೆ ಪೋಸ್ಟ್‌ಮಾಸ್ಟರು ಸಂಘದ ಮೊಹರನ್ನು ನನ್ನ ಕೈಗೆ ಕೊಟ್ಟು, ಇನ್ನು ಬರುವುದಿಲ್ಲ ಎಂದರು.

ಕಳೆದ ತಿಂಗಳು ಬೈಂದೂರು ಕಡೆಯಿಂದ ಅಪರಿಚಿತರೊಬ್ಬರು ಫೋನು ಮಾಡಿದರು. ತೆಂಗಿನ ಗಿಡ ನೆಡಲು ಗುಂಡಿ ತೋಡುವಾಗ ಅಕ್ಷರದ ಕಲ್ಲು ಸಿಕ್ಕಿದೆಯಂತೆ.

"ತಕಂಡ್ ಹೋಪುಕೆ ಯಾವಾಗ ಬತ್ರಿ?" ಎಂದು ಉತ್ಸಾಹದಿಂದ ಕೇಳಿದರು.

"ಮಣ್ಣ್ ಮುಚ್ಚಿ ಬಿಡಿ" ಎಂದೆ. "ಗಿಡ ಬೇರೆ ಕಡೆ ನೆಡಿ."

ಅವರು ತಮಾಷೆಯೆಂದು ತಿಳಿದು ನಕ್ಕರು. ಮತ್ತೊಮ್ಮೆ ಅದನ್ನೇ ಹೇಳಿದಾಗ ಫೋನು ಇಟ್ಟರು.