ಪಾವಟಿಗಿ ನಾಲ್ಕು

ನಮ್ಮ ಮಾವ ನನ್ನ ಜೋಡಿ ಮಾತಾಡತಿದ್ದಿಲ್ಲ. ಸಿಟ್ಟಿಂದಲ್ಲ ಮತ್ತ, ರಿವಾಜು. ಊರ ಗೌಡ ಅಂದಮ್ಯಾಲೆ ಸೊಸಿ ಜೋಡಿ ನೇರ ಮಾತಾಡಬಾರದು. ಏನರ ಬೇಕಾದ್ರ ಅತ್ತಿಗೆ ಹೇಳಾವ್ರು, ಅತ್ತಿ ನನಗ ಹೇಳಾಕಿ, ನಾ ಅತ್ತಿಗೆ, ಅತ್ತಿ ಮತ್ತ ಅವರಿಗೆ. ಇರೂದು ಮಾತ್ರ ಮೂರೂ ಮಂದಿ ಒಂದ ಮನ್ಯಾಗ. ಒಂದು ಚಾ ಆಗೂದ್ರಾಗ ಹೊತ್ತು ಏರತಿತ್ತು.

ಹೊಳಿ ಸುದ್ದೀನೂ ಹಂಗ ಇತ್ತು. ಮೇಡ್ಲೇರಿ ಬಾಜೂಕ, ತುಂಗಭದ್ರಾ ದಂಡಿಗೆ ಸಣ್ಣ ಊರು ನಮ್ಮದು. ನಾವು ಮುಂಬೈ ಸರಕಾರದವ್ರು. ಮ್ಯಾಲೆ ಹರಿಹರದ ಕಡೆ ಮೈಸೂರು ಸೀಮಿ. ಅಲ್ಲಿ ಹೊಳಿ ಏರಿದ್ರ ಅವರ ಕಚೇರಿ ಅವರ ದೊಡ್ಡ ಕಚೇರಿಗೆ ಬರೆದು, ಅದು ಧಾರವಾಡಕ್ಕ ಹೋಗಿ, ಅಲ್ಲಿಂದ ರಾಣೆಬೆನ್ನೂರಿಗೆ ಬಂದು, ನಮ್ಮೂರಿಗೆ ಕಾಗದ ಮುಟ್ಟೂದ್ರಾಗ ನೀರು ಬಂದು, ಇಳದು, ಮಂದಿ ಬಿದ್ದ ಗ್ವಾಡಿ ಕಟ್ಟಾಕ ಹತ್ತಿರತಿದ್ರು. ಎರಡನೇ ಮಹಾಯುದ್ಧ ಶುರು ಆಗೂಕಿಂತ ಒಂದು ವರ್ಷ ಮೊದಲ ಎರಡೂ ಕಡೆ ಸಾಹೇಬರು ಕೂಡಿ ಕುಂತು ಶಾಣ್ಯಾತನ ಮಾಡಿದ್ರು. ಹೊಳಿ ಏರಿದ್ರ ಹರಿಹರ ಟೇಶನ್ನಿಂದ ರಾಣೆಬೆನ್ನೂರು ಟೇಶನ್ನಿಗೆ ಸೀದಾ ತಾರು. ಅವರ ಕಡೆ ಒಂದು ಘಾಟು, ಅದಕ್ಕ ಹೊಳಿಗೆ ಇಳ್ಯಾಕ ಇಪ್ಪತ್ತು ಕಲ್ಲಿನ ಮೆಟ್ಟಲು, ಅಂದ್ರ ಪಾವಟಿಗಿ. ಪಾವಟಿಗಿ ಎಷ್ಟು ಅಂತ ತಿಳಿಸಿದ್ರ ಸಾಕು.

ಆ ಮಳಿಗಾಲದಾಗ ಮೊದಲನೇ ತಾರು ಬಂತು. ಮುಂಜಾನಿ ಕಚೇರಿ ಪಟ್ಟೇವಾಲಾ ತೊಯ್ಸಿಕೊಂಡು ಸೈಕಲ್ ಮ್ಯಾಲೆ ಬಂದು ಅದರ ಕನ್ನಡ ನಕಲು ಕೊಟ್ಟ. ಮಾವಾರು ಚಾಳೀಸ ಮೂಗಿಗೆ ಏರಿಸಿ ಓದಿ, ಅವಗ ಹೇಳಿ ಕಳಿಸಿದ್ರು.

"ಪಾವಟಿಗಿ ನಾಲ್ಕು. ಇಪ್ಪತ್ತರಾಗ ನಾಲ್ಕ ಮುಳುಗ್ಯಾವ, ಅಷ್ಟ. ಕೆಳಗಿನ ಓಣ್ಯಾಗ ಯಾರೂ ಏಳೂದು ಬ್ಯಾಡ. ಆ ಬಾಣಂತಿ ಈ ಮಳ್ಯಾಗ ಕೂಸು ಎತಗೊಂಡು ಹೊರಬಿದ್ದಾಳು ಮತ್ತ."

ಬಾಣಂತಿ ಅಂದ್ರ ನನ್ನ ಗೆಳತಿ. ದಿನಾ ಒಂದ ಬೀಸೂಕಲ್ಲಿಗೆ ಕೂಡಾವ್ರು ನಾವು. ಕೂಸಿಗೆ ಒಂಬತ್ತು ದಿನ. ಆಕಿ ಮನಿ ಹೊಳಿಗೆ ಹತ್ತಿದ್ದು.

ಅಡಗಿ ಮನ್ಯಾಗ ಇದನ್ನ ಕೇಳಿ ರೊಟ್ಟಿ ಬಡಿಯೂದು ಬಿಟ್ಟೆ. ಆ ಘಾಟು ನನ್ನ ತವರೂರಿಂದು. ನಾ ಕೊಡ ಇಟ್ಟು ಕುಂತ ಪಾವಟಿಗಿ ಅವು. ಅಲ್ಲಿ ಮುಳುಗಿದ್ದನ್ನ ಯಾರೂ ಎಣಸೂದಿಲ್ಲ. ಕಾಣದ್ದನ್ನ ಹೆಂಗ ಎಣಸ್ತಾರ? ನೀರಿನ ಮ್ಯಾಲೆ ಉಳದದ್ದು ಎಣಸ್ತಾರ. ನಾಲ್ಕು ಅಂದ್ರ ಹದಿನಾರು ಮುಳುಗಿದ್ವು.

ಹೇಳೂದು ಯಾರಿಗೆ? ಅತ್ತಿ ಬ್ಯಾಡಗಿಗೆ ತಮ್ಮನ ಮನಿಗೆ ಹೋಗಿದ್ಲು, ಗಂಡ ಹಾವೇರಿ ಸಂತಿಗೆ. ಬಾಗಲ ಮರಿಗೆ ನಿಂತು ಬಳಿ ಸಪ್ಪಳ ಮಾಡಿದೆ. ಮಾವಾರು ಮಾರಿ ಆ ಕಡೆ ತಿರುವಿ ಕುಂತ್ರು, ಮರ್ಯಾದಸ್ಥರು ನೋಡ್ರಿ. ಪಡಸಾಲಿ ಕಂಬಕ್ಕ ಹೇಳಿದಂಗ, "ಆ ತಾರು ಹಂಗಲ್ಲಂತ" ಅಂದೆ. ಅವರೂ ಕಂಬಕ್ಕ, "ರೊಟ್ಟಿ ಆಗ್ಯಾವೇನು ಕೇಳು" ಅಂದ್ರು. ಏನ ಮಾಡ್ಲೆಪ್ಪಾ ಈ ಮುದುಕಗ ಅಂತ ಅಳು ಬಂತು, ಸಿಟ್ಟೂ ಬಂತು. ಹಿಟ್ಟಿನ ಕೈಲೆನ ಹೊರಗ ಬಂದು ಅವರ ಎದುರಿಗೆ ನಿಂತೆ.

"ಮಾವಾರ, ಅದು ಉಳದ ಲೆಕ್ಕರಿ. ನಾ ಆ ಊರಾಕಿ, ನನಗ ಗೊತ್ತೈತಿ. ಓಣಿ ಎಬ್ಬಿಸ್ರಿ."

ಮದವಿ ಆಗಿ ಐದು ವರ್ಷಕ್ಕ ಮೊದಲನೇ ಸಲ ಅವರು ನನ್ನ ಮಾರಿ ನೋಡಿದ್ರು. ಕಂಬಳಿ ಹೊತಗೊಂಡು, ಕೆರವು ಸೈತ ಮೆಟ್ಟದ ಓಡಿದ್ರು. ಮಧ್ಯಾಹ್ನದ್ರಾಗ ಇಡೀ ಓಣಿ ನಮ್ಮ ಪಡಸಾಲ್ಯಾಗಿತ್ತು. ಬಾಣಂತಿ ನನ್ನ ಕೋಣ್ಯಾಗ, ಕೂಸು ಮಾವಾರ ಕಂಬಳ್ಯಾಗ. ಸಂಜೀಮುಂದ ಆಕಿ ಮನಿ ಹೊಳಿ ಪಾಲಾತು.

ಮುಂದಿನ ತಿಂಗಳು ಎರಡೂ ಕಡೆ ಸಾಹೇಬರು ರಾಣೆಬೆನ್ನೂರಾಗ ಮತ್ತ ಕೂಡಿದ್ರು. ಮಾವಾರನ್ನೂ ಕರೆಸಿದ್ರು. ಮುಳುಗಿದ್ದೋ ಉಳದದ್ದೋ ಅಂತ ದಿನಪೂರ್ತಿ ವಾದ ನಡೀತಂತ. ಮಾವಾರು ಮನಿಗೆ ಬಂದು ರುಮಾಲು ತಗದು ಗೂಟಕ್ಕ ಹಾಕಿದ್ರು. ಏನಾತು ಅಂತ ಕೇಳಾಕ ಅತ್ತಿ ಎದುರಿಗೇ ನಿಂತಿದ್ಲು. ಆಕಿನ್ನ ದಾಟಿ ಅಡಗಿ ಮನಿ ಬಾಗಲಕ್ಕ ಬಂದ್ರು.

"ಇನ್ನಮ್ಯಾಲೆ ಎರಡೂ ಬರೀತಾರಂತವಾ," ಅಂತ ನನಗ ಹೇಳಿದ್ರು.

"ಚಾ ಇಡ್ಲೇನ್ರಿ?" ಅಂತ ನಾ ಅವರನ್ನ ಕೇಳಿದೆ. ಅತ್ತಿ ಕಂಬ ಹಿಡಕೊಂಡು ನಿಂತಿದ್ಲು.