ರಿಸ್ಕ್ ನೋಡಿಕೊಳ್ಳುತ್ತಿದ್ದ ಅಂಕಲ್

ಮೆಟುಚೆನ್‌ನಲ್ಲಿ ನಮ್ಮ ಪಕ್ಕದ ಮನೆಯ ಅಂಕಲ್ ಮ್ಯಾನ್‌ಹಟನ್ನಿನ ಒಂದು ಬ್ಯಾಂಕಿನಲ್ಲಿ, ಬರಲಿರುವ ಅಪಾಯಗಳನ್ನು ಮೊದಲೇ ಕಂಡುಹಿಡಿಯುವ ಅಧಿಕಾರಿಯಾಗಿದ್ದರು. ಮಾತು ಮಾತಿಗೆ "ರಿಸ್ಕ್ ವಿಷಯ ನನಗೆ ಬಿಡಿ" ಎನ್ನುತ್ತಿದ್ದರು. ಬ್ಯಾಂಕುಗಳು ಒಂದೊಂದಾಗಿ ಮುಳುಗುತ್ತಿದ್ದ ಆ ವರ್ಷ ಅವರು ಕಂಡುಹಿಡಿದ ದೊಡ್ಡ ಅಪಾಯವೆಂದರೆ ನಮ್ಮ ಮೆಟ್ಟಿಲ ಮೇಲಿನ ಹಿಮ.

ಅದೇ ಚಳಿಗಾಲದಲ್ಲಿ ಎರಡೂ ಮನೆಯವರು ಪೆಸಿಫಿಕ್ ಕ್ರೂಸಿಗೆ ಹೋದೆವು. ಹಡಗು ಒಂದು ಪುಟ್ಟ ದ್ವೀಪದಲ್ಲಿ ನಿಂತಾಗ ಬಣ್ಣದ ಮೀನು ನೋಡಲು ದೋಣಿ ಹತ್ತಿದೆವು. ದಡದ ಬಳಿ ದೋಣಿ ನಿಂತು ಉಳಿದವರೆಲ್ಲ ಇಳಿದರೂ ಅಂಕಲ್ ಲೈಫ್ ಜಾಕೆಟ್ಟಿನ ಪಟ್ಟಿಯನ್ನು ಮೂರನೆಯ ಸಲ ಎಳೆದು ನೋಡುತ್ತಿದ್ದರು. ಪಕ್ಕದಲ್ಲಿ ಆಂಟಿ ಕಾಯುತ್ತಿದ್ದರು. ದೋಣಿ ನಡೆಸುವ ಹೆಂಗಸು ನಗುತ್ತ, "ಊರಲ್ಲಿ ಏನು ಕೆಲಸ ಮಾಡುತ್ತೀರಿ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಅಂಕಲ್ ಆಂಟಿಯತ್ತ ತಿರುಗಿದರು. "ಲೇಆಫ್ ಆಗಿ ಎರಡು ತಿಂಗಳಾಯ್ತು ಕಣೇ. ದಿನಾ ಟ್ರೈನ್ ಹತ್ತಿ ಲೈಬ್ರರೀಲಿ ಕೂತು ಬರ್ತಿದ್ದೆ."

"ಗೊತ್ತು ರೀ," ಎಂದರು ಆಂಟಿ. "ಆವತ್ತೇ ನಿಮ್ಮ ಆಫೀಸಿಗೆ ಫೋನ್ ಮಾಡಿದ್ದೆ. ನೀವಾಗೇ ಹೇಳ್ಲಿ ಅಂತ ಸುಮ್ಮನಿದ್ದೆ."

ಆಮೇಲೆ ತಾವೇ ಮೊದಲು ಇಳಿದು ಕೈ ಚಾಚಿದರು.

"ಬನ್ನಿ. ನೀರು ಮಂಡಿ ತನಕ ಅಷ್ಟೆ."