ಒದ್ದೆ ಬಟ್ಟೆಯೊಳಗಿನ ಪಿಸ್ತಾ

ತಮ್ಮನ ಹೆಂಡತಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಹೀಗೆ ಬರೆಯಲು ನಾಚಿಕೆಯಾಗಬೇಕಿತ್ತು, ಆಗುತ್ತಿಲ್ಲ.

ಧರ್ಮಪುರದ ನಮ್ಮ ಮನೆಯಲ್ಲಿ ಅಪ್ಪನಿಗೆ ಯಾವ ಸಂಶಯ ಬಂದರೂ ಕೇಳುತ್ತಿದ್ದದ್ದು ನನ್ನನ್ನೇ. ನಾನು ಮದುವೆಯಾಗಿ ಹಿರಿಯೂರಿಗೆ ಬಂದು ಟೀಚರಾದ ಮೇಲೂ ಫೋನು ಮಾಡಿ ಕೇಳುತ್ತಿದ್ದ. ಆ ಪಟ್ಟ ಕೈತಪ್ಪಿದ್ದು ಒಂದು ಪೊಟ್ಟಣ ಪಿಸ್ತಾದಿಂದ. ರಜೆಗೆ ಹೋದಾಗ ಅದನ್ನು ತಂದುಕೊಟ್ಟವಳೂ ನಾನೇ.

ಅಪ್ಪ ಶೇಂಗಾ ಬೆಳೆಯುವವನು. ಬಿತ್ತುವ ಮುಂಚೆ ಹತ್ತು ಬೀಜ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು, ಎಷ್ಟು ಮೊಳೆಯುತ್ತವೆ ಎಂದು ನೋಡುವುದು ಅವನ ರೂಢಿ. ಸಿಪ್ಪೆಯೊಳಗೆ ಬೀಜ ಕಂಡದ್ದೇ ಪಿಸ್ತಾವನ್ನೂ ಕಟ್ಟಿಟ್ಟ. ನಾಲ್ಕು ದಿನ ಬಿಟ್ಟು ಬಿಚ್ಚಿದರೆ ಬರೀ ಬೂಷ್ಟು. ನಾನು ಬಿದ್ದು ಬಿದ್ದು ನಕ್ಕೆ.

"ಹುರಿದು ಉಪ್ಪು ಹಾಕಿರೋದು ಎಲ್ಲಾದ್ರೂ ಮೊಳಿತೈತಾ ಅಪ್ಪ?"

ಅಪ್ಪನ ಮುಖ ಸಣ್ಣದಾಯಿತು. ತಮ್ಮನ ಹೆಂಡತಿ ನಗಲಿಲ್ಲ. ಕಾಲೇಜಿನಲ್ಲಿ ಇತಿಹಾಸ ಓದಿದವಳು, ಅಪ್ಪನ ಪಕ್ಕ ಬಂದು ಕುಳಿತಳು.

"ಇದು ಪರ್ಷಿಯಾ ಕಡೆ ಗಿಡ ಮಾವ. ಗ್ರೀಕರೂ ಹೆಸರನ್ನ ಅಲ್ಲಿಂದ್ಲೇ ತಗಂಡು, ಮರಕ್ಕೆ ಪಿಸ್ತಾಕೆ ಅಂದ್ರು. ನಾವು ಪಿಸ್ತಾ ಅನ್ನೋದೂ ಅಲ್ಲಿಂದ ಬಂದಿದ್ದೇ, ಬೇರೆ ದಾರೀಲಿ."

"ಅಂಗಾದ್ರೆ ಅವರೂ ನಾವೂ ಒಂದೇ ಅಂಗಡಿ ಗಿರಾಕಿಗಳು ಅನ್ನು," ಎಂದ ಅಪ್ಪ. ಮುಖ ಅರಳಿತ್ತು. ಅವತ್ತಿನಿಂದ ನನ್ನ ಫೋನು ಸುಮ್ಮನಾಯಿತು.

ನನಗೆ ತಡೆಯಲಾಗಲಿಲ್ಲ. ಅವಳು ಹೇಳಿದ್ದು ತಪ್ಪಾಗಿರಲಿ ಎಂದು ಹಾರೈಸುತ್ತ ಒಂದು ವಾರ ಲೈಬ್ರರಿಯಲ್ಲಿ ಕುಳಿತೆ. ಎಲ್ಲವೂ ಸರಿಯಾಗಿತ್ತು. ಅವಳು ಹೇಳದೆ ಬಿಟ್ಟದ್ದು ಒಂದೇ ಸಿಕ್ಕಿತು: ಪರ್ಷಿಯಾಕ್ಕಿಂತ ಹಿಂದೆ ಆ ಹೆಸರು ಎಲ್ಲಿತ್ತು ಎಂಬ ಪ್ರಶ್ನೆ. ಅಷ್ಟನ್ನೇ ಗಂಟು ಕಟ್ಟಿಕೊಂಡು ಭಾನುವಾರ ಧರ್ಮಪುರದ ಬಸ್ಸು ಹತ್ತಿದೆ.

ನಾನು ಚಪ್ಪಲಿ ಬಿಡುವಾಗಲೇ ಅಪ್ಪ ಅವಳನ್ನು ಕೇಳುತ್ತಿದ್ದ. "ಪರ್ಷಿಯಾದೋರಿಗೆ ಆ ಹೆಸರು ಯಾರು ಕೊಟ್ರವ್ವ?"

ಅವಳು ನನ್ನತ್ತ ನೋಡಿದಳು. "ಅದು ನಂಗೊತ್ತಿಲ್ಲ ಮಾವ. ಅಕ್ಕನ್ನ ಕೇಳ್ರಿ, ಅವರಿಗೆ ಗೊತ್ತಿರ್ತೈತೆ."

ಅಪ್ಪ ನನ್ನ ಕಡೆ ತಿರುಗಿದ, ಮೊದಲಿನ ಹಾಗೆಯೇ, ಕಣ್ಣರಳಿಸಿ. ಎಷ್ಟು ದಿನವಾಗಿತ್ತು.

"ವಾರ ಪೂರ್ತಿ ಓದಿದೆ ಅಪ್ಪ," ಎಂದೆ. "ಅದರ ಹಿಂದಕ್ಕೆ ಗಟ್ಟಿಯಾಗಿ ಯಾರಿಗೂ ಗೊತ್ತಿಲ್ಲ."

"ಗೊತ್ತಿಲ್ಲ ಅನ್ನಾಕೆ ವಾರ ಓದಿದೇನವ್ವ?" ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ.

ಅವಳು ಈ ಸಲವೂ ನಗಲಿಲ್ಲ. ನಕ್ಕಿದ್ದರೆ ಅವಳನ್ನು ಕ್ಷಮಿಸುತ್ತಿದ್ದೆ.